ಮಷಿನ್ ಹೆಚ್ಚೋ, ಸಮಾರಿಟನ್ ಹೆಚ್ಚೋ: ಗುಂಪಾಗಿ ನೋಡಿ ಹರಟುವವರಿಗೆ ಒಂದು ಮಾರ್ಗದರ್ಶಿ

ದಾವಣಗೆರೆಯಲ್ಲಿ ಕ್ರಿಕೆಟ್ ನೋಡಲು ಜನ ಸೇರಿಸುವುದು ಸುಲಭ. ಇಂಗ್ಲಿಷ್ ಸರಣಿ ನೋಡಲು, ಅದೂ ನೋಡಿದ ಮೇಲೆ ಎದ್ದು ಹೋಗದೆ ಕೂತು ಮಾತಾಡಲು ಜನ ಸೇರಿಸುವುದು ಸ್ವಲ್ಪ ಕಷ್ಟ. ಆದರೆ 'ಪರ್ಸನ್ ಆಫ್ ಇಂಟರೆಸ್ಟ್' ಅಂಥ ಸರಣಿಗೆ ಗುಂಪು ಬೇಕೇ ಬೇಕು. ಎರಡು ಕೃತಕ ಬುದ್ಧಿಮತ್ತೆಗಳು ಒಂದರ ಮೇಲೊಂದು ಬಿದ್ದು ಹೊಡೆದಾಡುವ ಕತೆ ಅದು. ಒಬ್ಬರೇ ನೋಡಿದರೆ ಗುಂಡಿನ ಸದ್ದು ಜಾಸ್ತಿ ಕೇಳಿಸುತ್ತದೆ. ನಾಲ್ಕು ಜನ ಸೇರಿ ನೋಡಿದರೆ ಪ್ರಶ್ನೆಗಳು ಏಳುತ್ತವೆ.

ವಿದ್ಯಾನಗರದಲ್ಲಿ ನಮ್ಮದೊಂದು ಸಣ್ಣ ಗುಂಪು ಇದೆ. ಅಲ್ಲಿ ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಎಂಬುದನ್ನು ನೋಡಿಕೊಂಡೇ ಇದನ್ನು ಬರೆದಿದ್ದೇನೆ. ಯಾರು ಸಾಯುತ್ತಾರೆ, ಯಾರು ಉಳಿಯುತ್ತಾರೆ ಎಂದು ಹೇಳುವುದಿಲ್ಲ. ಕತೆಯ ಗುಟ್ಟು ಬಿಡಬೇಕಾದ ಕಡೆ ಮೊದಲೇ ಎಚ್ಚರಿಸುತ್ತೇನೆ.

ಕತೆ ಇಷ್ಟು ಗೊತ್ತಿದ್ದರೆ ಸಾಕು

ಸರಣಿಯನ್ನು ಸೃಷ್ಟಿಸಿದವರು ಜೊನಾಥನ್ ನೋಲನ್. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 2011ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ 2016ರ ಜೂನ್‌ನಲ್ಲಿ ಮುಗಿಯಿತು. ಐದು ಸೀಸನ್, ಒಟ್ಟು 103 ಕಂತು.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಹ್ಯಾರಲ್ಡ್ ಫಿಂಚ್ ಎಂಬ ಪ್ರೋಗ್ರಾಮರ್ ಸರ್ಕಾರಕ್ಕೆ ಒಂದು ಯಂತ್ರ ಕಟ್ಟಿಕೊಡುತ್ತಾನೆ. ಅದರ ಹೆಸರೇ ಮಷಿನ್, ಬೆಲೆ ಬರೀ ಒಂದು ಡಾಲರ್. ಅದು ಎಲ್ಲರ ಫೋನು, ಇಮೇಲು, ಬೀದಿ ಕ್ಯಾಮೆರಾ ನೋಡಿ ಭಯೋತ್ಪಾದಕರನ್ನು ಹುಡುಕಬೇಕು. ಆದರೆ ಅದಕ್ಕೆ ಸಾಮಾನ್ಯ ಜನರ ನಡುವಿನ ಕೊಲೆಗಳೂ ಮುಂಚೆಯೇ ಕಾಣುತ್ತವೆ. ಸರ್ಕಾರಕ್ಕೆ ಅವು ಬೇಡ. ಫಿಂಚ್‌ಗೆ ಬೇಕು. ಹಾಗಾಗಿ ಅವನಿಗೆ ಯಂತ್ರದಿಂದ ಒಂದು ನಂಬರ್ ಬರುತ್ತದೆ, ಅಮೆರಿಕದ 9 ಅಂಕಿಯ ಸೋಷಿಯಲ್ ಸೆಕ್ಯೂರಿಟಿ ನಂಬರ್, ಅಂದರೆ ಅಲ್ಲಿಯವರ ಗುರುತಿನ ಸಂಖ್ಯೆ. ಆ ವ್ಯಕ್ತಿ ಕೊಲ್ಲುವವನೋ ಸಾಯುವವನೋ ಅದು ಹೇಳುವುದಿಲ್ಲ. ಅದನ್ನು ಪತ್ತೆ ಮಾಡುವುದು ಫಿಂಚ್ ಮತ್ತು ಮಾಜಿ ಸಿಐಎ ಏಜೆಂಟ್ ಜಾನ್ ರೀಸ್ ಅವರ ಕೆಲಸ.

ಮೂರನೇ ಸೀಸನ್ನಿನಲ್ಲಿ ಎರಡನೇ ಯಂತ್ರ ಬರುತ್ತದೆ, ಸಮಾರಿಟನ್. ಹೊಸಬರಿಗೆ ಇಷ್ಟು ಹೇಳಿ ನಿಲ್ಲಿಸಿ. ಇದಕ್ಕಿಂತ ಜಾಸ್ತಿ ಹೇಳಿದರೆ ರುಚಿ ಕೆಡುತ್ತದೆ.

ಯಾರನ್ನು ಕರೆಯಬೇಕು, ಎಲ್ಲಿ ಕೂರಬೇಕು

ಐದರಿಂದ ಎಂಟು ಜನ ಸಾಕು. ಹತ್ತು ದಾಟಿದರೆ ಮೂಲೆಯಲ್ಲಿ ಬೇರೆ ಸಭೆ ಶುರುವಾಗುತ್ತದೆ. ಎಲ್ಲರೂ ಇಂಜಿನಿಯರಿಂಗ್ ಕಾಲೇಜಿನವರೇ ಆಗುವುದು ಬೇಡ. ಊರಲ್ಲಿ ಯುಬಿಡಿಟಿ, ಬಿಐಇಟಿ ಇರುವುದರಿಂದ ಅಂಥವರು ಹೇಗೂ ಸಿಗುತ್ತಾರೆ. ಕಂಪ್ಯೂಟರ್ ಗೊತ್ತಿಲ್ಲದವರನ್ನು ಇಬ್ಬರನ್ನಾದರೂ ಕರೆಯಿರಿ. "ಅದಕ್ಕೆ ಆ ಅಧಿಕಾರ ಕೊಟ್ಟೋರು ಯಾರಪ್ಪ?" ಎಂಬ ಪ್ರಶ್ನೆ ಅವರ ಬಾಯಿಂದಲೇ ಬರುವುದು. ಕೋಡಿಂಗ್ ಬಲ್ಲವರು "ಅದು ಹೇಗೆ ಕೆಲಸ ಮಾಡುತ್ತೆ" ಎಂಬಲ್ಲೇ ಸುತ್ತುತ್ತಿರುತ್ತಾರೆ.

ಮೊದಲು ನೀವು ಹಣ ಕಟ್ಟುವ ಓಟಿಟಿಯಲ್ಲಿ ಸರಣಿ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಡಿವಿಡಿ ಸೆಟ್. ಕದ್ದ ಪ್ರತಿ ಬೇಡ, ಅದರ ಜೊತೆ ಬರುವ ವೈರಸ್ಸೂ ಬೇಡ. ಇಂಗ್ಲಿಷ್ ಸಬ್‌ಟೈಟಲ್ ಹಾಕಲೇಬೇಕು. ರೀಸ್ ಪಾತ್ರದ ಜಿಮ್ ಕವೀಜೆಲ್ ಮಾತಾಡುವುದು ಪಿಸುಗುಟ್ಟಿದ ಹಾಗೆ, ಸಬ್‌ಟೈಟಲ್ ಇಲ್ಲದೆ ಅರ್ಧ ಗೊತ್ತೇ ಆಗುವುದಿಲ್ಲ. ಟಿವಿಯ ಜೊತೆ ವೈಫೈ ರೂಟರನ್ನೂ ಯುಪಿಎಸ್‌ಗೆ ಹಾಕಿ. ಬೇಸಿಗೆಯಲ್ಲಿ ಕರೆಂಟು ಕ್ಲೈಮ್ಯಾಕ್ಸಿಗೇ ಹೋಗುವುದು, ಅಲ್ವಾ?

ತಿನ್ನಲು ಖಾರ ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಬೆಣ್ಣೆ ದೋಸೆ ಪಾರ್ಸೆಲ್ ತರಿಸಬೇಡಿ. ಆರಿದ ಬೆಣ್ಣೆ ದೋಸೆ ಯಾರಿಗೂ ಬೇಡ, ಬಿಸಿ ಇರುವಾಗಲೇ ತಿನ್ನಬೇಕೆಂದು ಹೊರಟರೆ ಮೊದಲ ಹತ್ತು ನಿಮಿಷ ಯಾರೂ ತೆರೆ ನೋಡುವುದಿಲ್ಲ.

103 ಕಂತು ಬೇಡ, ಇವಿಷ್ಟು ಸಾಕು

ಎಲ್ಲಾ ಕಂತು ನೋಡಲು ಸುಮಾರು 75 ಗಂಟೆ ಬೇಕು. ಗುಂಪು ಅಷ್ಟು ದಿನ ಉಳಿಯುವುದಿಲ್ಲ. ಮೊದಲ ಎರಡು ಸೀಸನ್ನಿನಲ್ಲಿ ವಾರಕ್ಕೊಂದು ನಂಬರ್, ವಾರಕ್ಕೊಂದು ಕೇಸ್ ಎಂಬ ಕಂತುಗಳೇ ಜಾಸ್ತಿ. ಅವನ್ನು ಇಷ್ಟಪಟ್ಟವರು ಮನೆಯಲ್ಲಿ ನೋಡಿಕೊಳ್ಳಲಿ. ಒಟ್ಟಿಗೆ ನೋಡಲು ನಾನು ಹೇಳುವ ದಾರಿ ಇದು: ಮೊದಲ ಸೀಸನ್ನಿನ ಮೊದಲ ಮತ್ತು ಕೊನೆಯ ಕಂತು. ಎರಡನೇ ಸೀಸನ್ನಿನ 16ನೇ ಕಂತು 'ರೆಲವೆನ್ಸ್'. ಅದರಲ್ಲಿ ಸರ್ಕಾರದ ಕಡೆಯಿಂದ ಅದೇ ಯಂತ್ರ ಹೇಗೆ ಕಾಣುತ್ತದೆ ಎಂದು ಗೊತ್ತಾಗುತ್ತದೆ, ಶಾ ಎಂಬ ಪಾತ್ರವೂ ಅಲ್ಲೇ ಸಿಗುತ್ತಾಳೆ. ಅದೇ ಸೀಸನ್ನಿನ ಕೊನೆಯ ಎರಡು. ಮೂರನೆಯದರ 11, 12 ಮತ್ತು 23. ನಾಲ್ಕನೆಯದರ ಮೊದಲನೆಯದು, ಆಮೇಲೆ 10, 11, 12 ಒಂದನ್ನೂ ಬಿಡದೆ ಸಾಲಾಗಿ (11ಕ್ಕೆ ಮಾತ್ರ ಬೇರೆ ಸಂಜೆ), ಮತ್ತೆ ಕೊನೆಯದು. ಐದನೇ ಸೀಸನ್ನಿನಲ್ಲಿ ಬರೀ 13 ಕಂತು ಇರುವುದರಿಂದ ಪೂರ್ತಿ ನೋಡಿ.

ನಡುವೆ ಬಿಟ್ಟ ಕಂತುಗಳ ಕತೆಯನ್ನು ಒಬ್ಬರು ಐದು ನಿಮಿಷದಲ್ಲಿ ಹೇಳಬೇಕು. ಪ್ರತಿ ಸಲ ಬೇರೆಯವರು ಹೇಳಲಿ. ಫಸ್ಕೋ ಎಂಬ ಪೊಲೀಸಿನವನ ಬಗ್ಗೆ ಮಾತ್ರ ಅವಸರ ಮಾಡಬೇಡಿ. ಭ್ರಷ್ಟನಾಗಿದ್ದವನು ಮೆಲ್ಲಗೆ ಸರಿಹೋಗುವ ಕತೆ ಅದು, ಮುಂದೆ ಬೇಕಾಗುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಬೇರ್ ಎಂಬ ನಾಯಿ ಬರುವ ದೃಶ್ಯಕ್ಕೆ ಕರೆಯಿರಿ. ಬೆಲ್ಜಿಯನ್ ಮ್ಯಾಲಿನ್ವಾ ತಳಿ, ಡಚ್ ಭಾಷೆಯಲ್ಲಿ ಹೇಳಿದರೆ ಮಾತ್ರ ಮಾತು ಕೇಳುತ್ತದೆ.

ನೋಡುವಾಗ ಏನು ಬರೆದುಕೊಳ್ಳಬೇಕು

ಬಹಳಷ್ಟು ದೃಶ್ಯ ನಾವು ನೋಡುವುದು ಯಂತ್ರದ ಕಣ್ಣಿನಿಂದ. ಜನರ ತಲೆಯ ಸುತ್ತ ಚೌಕ ಮೂಡುತ್ತದೆ. ಬಿಳಿ ಚೌಕ ಸಾಮಾನ್ಯರಿಗೆ, ಹಳದಿ ಯಂತ್ರದ ವಿಷಯ ಗೊತ್ತಿರುವವರಿಗೆ, ಕೆಂಪು ಅಪಾಯ ಎನಿಸಿದವರಿಗೆ. ಒಬ್ಬರು ಈ ಚೌಕಗಳನ್ನು ಮಾತ್ರ ಗಮನಿಸಿ ಬರೆದುಕೊಳ್ಳಲಿ. ಯಾರ ಚೌಕ ಯಾವಾಗ ಬಣ್ಣ ಬದಲಿಸಿತು? ಆ ವ್ಯಕ್ತಿ ಅದಕ್ಕೂ ಮುಂಚೆ ಏನು ಮಾಡಿದ್ದ? ಸಮಾರಿಟನ್ ಬಂದ ಮೇಲೆ ತೆರೆಯ ನೋಟವೇ ಬೇರೆ ಆಗುತ್ತದೆ. ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದರೆ ಇಬ್ಬರ ಸ್ವಭಾವ ಅಲ್ಲೇ ಸಿಕ್ಕಿಬಿಡುತ್ತದೆ.

ಜಗಳ ಶುರುವಾದಾಗ

ಶುರುವಾಗಿಯೇ ಆಗುತ್ತದೆ. ಒಬ್ಬರು ಮಷಿನ್ ಕಡೆ, ಒಬ್ಬರು "ಸಮಾರಿಟನ್ ಬಂದ್ರೆ ಊರು ಉದ್ಧಾರ ಆಗುತ್ತೆ ಬಿಡ್ರೀ" ಎನ್ನುವ ಕಡೆ. ಯಾವುದರ ಶಕ್ತಿ ಜಾಸ್ತಿ, ಯಾವುದು ಯಾವುದನ್ನು ಹ್ಯಾಕ್ ಮಾಡಬಲ್ಲದು ಎಂದು ಮಾತು ಹೊರಟರೆ ರಾತ್ರಿ ಹನ್ನೆರಡಾದರೂ ಮುಗಿಯುವುದಿಲ್ಲ, ಸಿಗುವುದೂ ಏನಿಲ್ಲ. ಶಕ್ತಿ ಕತೆಗಾರರು ಕೊಟ್ಟಷ್ಟು. ಅದರ ಬದಲು ಮೂರು ಪ್ರಶ್ನೆ ಇಟ್ಟುಕೊಳ್ಳಿ. ಇದು ಏನನ್ನೆಲ್ಲಾ ನೋಡುತ್ತದೆ? ನೋಡಿದ್ದರಲ್ಲಿ ಎಷ್ಟನ್ನು, ಯಾರಿಗೆ ಹೇಳುತ್ತದೆ? ಇದಕ್ಕೆ 'ಬೇಡ' ಎನ್ನುವ ಅಧಿಕಾರ ಯಾರಿಗಿದೆ?

ಮೊದಲ ಪ್ರಶ್ನೆಗೆ ಎರಡೂ ಯಂತ್ರದ ಉತ್ತರ ಒಂದೇ, ಎಲ್ಲವನ್ನೂ. ಮಷಿನ್ ಪಕ್ಷದವರು ಇದನ್ನು ಮರೆತಿರುತ್ತಾರೆ. ಅದೂ ಕದ್ದು ಕೇಳುವ ಯಂತ್ರವೇ, ನಮ್ಮ ಹೀರೋಗಳ ಕಡೆ ಇದೆ ಎಂದ ಮಾತ್ರಕ್ಕೆ ಸಾಧು ಆಗುವುದಿಲ್ಲ. ವ್ಯತ್ಯಾಸ ಶುರುವಾಗುವುದು ಎರಡನೇ ಪ್ರಶ್ನೆಯಿಂದ. ಮಷಿನ್ ಒಂದು ನಂಬರ್ ಕೊಟ್ಟು ಸುಮ್ನಾಗುತ್ತದೆ. ಮುಂದಿನದು ಮನುಷ್ಯರ ಕೆಲಸ, ತಪ್ಪಿದರೆ ತಪ್ಪು ಮನುಷ್ಯರದೇ. ಸಮಾರಿಟನ್ ಹಾಗಲ್ಲ. ಮೂರನೇ ಸೀಸನ್ನಿನ ಕೊನೆಯಲ್ಲಿ ಅದು ತನ್ನ ಕಡೆಯ ಗ್ರಿಯರ್ ಎಂಬ ಮುದುಕನನ್ನು ಕೇಳುತ್ತದೆ, ಏನಪ್ಪಣೆ ಅಂತ. ಅವನು ಪ್ರಶ್ನೆಯನ್ನೇ ತಿರುಗಿಸುತ್ತಾನೆ: ನಮಗೆ ನಿನ್ನ ಅಪ್ಪಣೆ ಏನು? ಆ ದೃಶ್ಯ ಮುಗಿದ ಕೂಡಲೇ ಟಿವಿ ಪಾಜ್ ಮಾಡಿ ಮೂರನೇ ಪ್ರಶ್ನೆ ಕೇಳಿ. ನನ್ನ ಪ್ರಕಾರ ಸರಣಿಯ ಬೀಗದ ಕೈ ಇರುವುದು ಇಲ್ಲೇ. ಒಂದು ಯಂತ್ರ ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂಬುದಲ್ಲ ವಿಷಯ. ಒಂದರ ಕೈಯನ್ನು ಅದನ್ನು ಕಟ್ಟಿದವನೇ ಕಟ್ಟಿಹಾಕಿದ್ದ, ಇನ್ನೊಂದರ ಕೈ ಕಟ್ಟಲು ಯಾರಿಗೂ ಮನಸ್ಸಿರಲಿಲ್ಲ.

ಎರಡನೇ ಸೀಸನ್ ನೋಡದವರು ಈ ಪ್ಯಾರಾ ಹಾರಿಸಿ. ಫಿಂಚ್ ಎಷ್ಟು ಹೆದರಿದ್ದನೆಂದರೆ ಪ್ರತಿದಿನ ಮಧ್ಯರಾತ್ರಿ ಯಂತ್ರದ ನೆನಪು ಅಳಿಸಿಹೋಗುವ ಹಾಗೆ ಮಾಡಿದ್ದ. ಯಂತ್ರ ಅದಕ್ಕೊಂದು ಉಪಾಯ ಹುಡುಕುತ್ತದೆ. ಸುಳ್ಳು ಹೆಸರಲ್ಲಿ ಒಂದು ಕಂಪನಿ ತೆರೆದು, ತನ್ನ ನೆನಪನ್ನೆಲ್ಲಾ ಕಾಗದದ ಮೇಲೆ ಪ್ರಿಂಟ್ ಹಾಕಿಸಿ, ನೌಕರರಿಂದ ಮತ್ತೆ ಟೈಪ್ ಮಾಡಿಸಿಕೊಳ್ಳುತ್ತದೆ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಕೂತವರ ಹಾಗೆ, ಏನು ಟೈಪ್ ಮಾಡುತ್ತಿದ್ದೇವೆ ಎಂಬುದು ಆ ನೌಕರರಿಗೆ ಗೊತ್ತೂ ಇಲ್ಲ, ಬೇಕಾಗಿಯೂ ಇಲ್ಲ. ಇಲ್ಲಿ ಗುಂಪು ಎರಡು ಭಾಗ ಆಗುವುದು ಖಂಡಿತ. ಫಿಂಚ್ ಮಾಡಿದ್ದು ಜಾಗ್ರತೆಯೋ, ಕ್ರೌರ್ಯವೋ?

ಒಂದು ನಿಯಮ ಮಾತ್ರ ಬಿಡಬೇಡಿ. ಮಷಿನ್ ಪಕ್ಷದವರು ಒಂದು ಸಲವಾದರೂ ಸಮಾರಿಟನ್ ಪರ ವಾದಿಸಬೇಕು. ಅದಕ್ಕೆ ನಾಲ್ಕನೇ ಸೀಸನ್ನಿನ ಹತ್ತನೇ ಕಂತು ಹೇಳಿ ಮಾಡಿಸಿದ್ದು. ಸಮಾರಿಟನ್ ಒಂದು ಇಡೀ ದಿನ ನ್ಯೂಯಾರ್ಕ್‌ನಲ್ಲಿ ಅಪರಾಧವೇ ನಡೆಯದಂತೆ ಮಾಡಿ ತೋರಿಸುತ್ತದೆ. ಕಂತು ಹಾಕುವ ಮುಂಚೆ ಚೀಟಿಯಲ್ಲಿ ಬರೆಸಿಕೊಳ್ಳಿ: "ನಮ್ಮೂರಲ್ಲೂ ಇದು ಬೇಕಾ?" ಮುಗಿದ ಮೇಲೆ ಅದೇ ಪ್ರಶ್ನೆ ಮತ್ತೆ. ಎರಡು ಚೀಟಿ ಪಕ್ಕಪಕ್ಕ ಇಟ್ಟು ಓದಿ.

ಚದುರಂಗದ ಕಂತಿಗೆ ಒಂದು ಸಂಜೆ ಪೂರ್ತಿ ಇಡಿ

ನಾಲ್ಕನೇ ಸೀಸನ್ನಿನ 11ನೇ ಕಂತು, 'ಇಫ್-ದೆನ್-ಎಲ್ಸ್'. 2015ರ ಜನವರಿಯಲ್ಲಿ ಬಂತು. ಇದೊಂದನ್ನು ಬೇರೆ ಕಂತಿನ ಜೊತೆ ನೋಡಬೇಡಿ. ನಮ್ಮವರು, ಅಂದರೆ ಫಿಂಚ್ ಗುಂಪಿನವರು, ಸಮಾರಿಟನ್ ಕಡೆಯವರ ನಡುವೆ ಸಿಕ್ಕಿಬಿದ್ದಿರುತ್ತಾರೆ, ಮಷಿನ್ ಕೆಲವೇ ಕ್ಷಣಗಳಲ್ಲಿ ತಪ್ಪಿಸಿಕೊಳ್ಳುವ ದಾರಿಗಳನ್ನು ಒಂದೊಂದಾಗಿ ತನ್ನೊಳಗೇ ಆಡಿ ನೋಡುತ್ತದೆ. ನಡುನಡುವೆ ಹಿಂದಿನ ಕತೆ, ಫಿಂಚ್ ಅದಕ್ಕೆ ಚದುರಂಗ ಕಲಿಸುತ್ತಿರುತ್ತಾನೆ.

ಕಂತಿಗೆ ಮುಂಚೆ ಒಂದು ಚೆಸ್ ಬೋರ್ಡ್ ತಂದು ಮೇಜಿನ ಮೇಲಿಡಿ. ಕಾಯಿ ಮುಟ್ಟದೆ ಕೇಳಿ: ಬಿಳಿಯವರಿಗೆ ಮೊದಲ ನಡೆ ಎಷ್ಟು ಥರ ಇದೆ? ಎಂಟು ಎನ್ನುತ್ತಾರೆ, ಹದಿನಾರು ಎನ್ನುತ್ತಾರೆ. ಕೂಡಿಸಿ ತೋರಿಸಿ. ಎಂಟು ಕಾಲಾಳು, ಒಂದೊಂದಕ್ಕೆ ಒಂದು ಮನೆ ಅಥವಾ ಎರಡು ಮನೆ, 16 ಆಯಿತು. ಎರಡು ಕುದುರೆ, ಒಂದೊಂದಕ್ಕೆ ಎರಡು ನಡೆ, ನಾಲ್ಕು. ಒಟ್ಟು 20. ಕಪ್ಪಿನವರಿಗೂ 20, ಅಂದರೆ ಇಬ್ಬರೂ ಒಂದೊಂದು ನಡೆ ಇಡುವಷ್ಟರಲ್ಲಿ 400 ದಾರಿ. ಮೂರನೇ ನಡೆಗೆ 8,902. ನಾಲ್ಕನೆಯದಕ್ಕೆ 1,97,281. ಇಬ್ಬರೂ ಎರಡೆರಡು ಕಾಯಿ ನಡೆಸಿದ್ದಾರೆ ಅಷ್ಟೇ, ಆಟ ಇನ್ನೂ ಶುರುವೇ ಆಗಿಲ್ಲ.

ಈಗ ಇಬ್ಬರನ್ನು ಆಟಕ್ಕೆ ಕೂರಿಸಿ, ನಾಲ್ಕೈದು ನಡೆ ಆದ ಮೇಲೆ ನಿಲ್ಲಿಸಿ ಕೇಳಿ: "ಯಾವ ನಡೆಗಳನ್ನು ನೀವು ಯೋಚನೇನೇ ಮಾಡಲಿಲ್ಲ?" ಮಂತ್ರಿಯನ್ನು ಸುಮ್ನೆ ಬಲಿ ಕೊಡುವ ನಡೆಯನ್ನು ಯಾರೂ ನೋಡಿರುವುದಿಲ್ಲ. ಚೆಸ್ ಪ್ರೋಗ್ರಾಮ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಈಗಾಗಲೇ ಸಿಕ್ಕ ನಡೆಗಿಂತ ಒಳ್ಳೆಯದಾಗುವುದಿಲ್ಲ ಎಂದು ಖಚಿತವಾದ ಕೊಂಬೆಯನ್ನು ಕತ್ತರಿಸಿ, ಉಳಿದದ್ದನ್ನು ಆಳವಾಗಿ ನೋಡುವುದು. 1997ರ ಮೇ ತಿಂಗಳಲ್ಲಿ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್‌ನನ್ನು ಮೂರೂವರೆ–ಎರಡೂವರೆಯಿಂದ ಸೋಲಿಸಿದ ಐಬಿಎಂನ ಡೀಪ್ ಬ್ಲೂ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿ ನೋಡುತ್ತಿತ್ತು. ಅದಕ್ಕೂ ಕತ್ತರಿ ಬೇಕಾಗಿತ್ತು.

ಇಷ್ಟು ತಲೆಯಲ್ಲಿದ್ದರೆ ಕಂತಿನ ಒಂದು ತಮಾಷೆ ಚೆನ್ನಾಗಿ ಹಿಡಿಯುತ್ತದೆ. ಸಮಯ ಕಡಿಮೆ ಆದಂತೆ ಮಷಿನ್ ಕಲ್ಪನೆಯಲ್ಲಿ ಪಾತ್ರಗಳು ಪೂರ್ತಿ ಡೈಲಾಗ್ ಹೇಳುವುದನ್ನೇ ಬಿಟ್ಟು, 'ತಣ್ಣಗೆ ಒಂದು ಬೆದರಿಕೆ', 'ಅದಕ್ಕೊಂದು ವ್ಯಂಗ್ಯದ ಉತ್ತರ' ಎಂಬಂಥ ಸಾರಾಂಶ ಹೇಳತೊಡಗುತ್ತವೆ. ಎಲ್ಲರೂ ನಗುತ್ತಾರೆ. ನಕ್ಕ ಮೇಲೆ ಹೇಳಿ, ಲೆಕ್ಕದ ಸಮಯ ಉಳಿಸಲು ವಿವರ ಬಿಡುವುದು ನಿಜವಾದ ಕಂಪ್ಯೂಟರ್ ಕೆಲಸದಲ್ಲೂ ಇದೆ ಎಂದು.

ಮುಗಿದ ಮೇಲೆ ಇನ್ನೊಂದು ಆಟ. ಚೆಸ್ ಕಲಿಸುವಾಗ ಕಾಲಾಳಿಗೆ 1, ಕುದುರೆಗೆ 3, ಆನೆಗೆ 5, ಮಂತ್ರಿಗೆ 9 ಎಂದು ಬೆಲೆ ಹೇಳುತ್ತಾರೆ. ಸಣ್ಣ ಚೀಟಿಗಳಲ್ಲಿ ಫಿಂಚ್, ರೀಸ್, ರೂಟ್ (ಮಷಿನ್ ಪಕ್ಷದ ಹ್ಯಾಕರ್), ಶಾ, ಫಸ್ಕೋ ಎಂದು ಬರೆದು ಕಾಯಿಗಳಿಗೆ ಅಂಟಿಸಿ. ಎಲ್ಲರೂ ಬೆಲೆ ಕಟ್ಟಲಿ. ನಮ್ಮಲ್ಲಿ ಪಿಯುಸಿ ಓದುವ ಹುಡುಗ ಫಸ್ಕೋಗೆ 1 ಹಾಕಿದ. ಅಕೌಂಟ್ಸ್ ಕೆಲಸ ಮಾಡುವ ಅಕ್ಕನಿಗೆ ಸಿಟ್ಟೇ ಬಂತು. "ಯಾಕೋ ತಮ್ಮಾ, ಅವನಿಗೆ ಮನೇಲಿ ಮಗ ಇಲ್ವಾ?" ಹುಡುಗ 3 ಮಾಡಲು ಹೋದ. "ಮೂರಾದ್ರೆ ಸಾಯಬಹುದಾ ಹಂಗಾದ್ರೆ?" ಅಂದರು. ಅವನು ಪೆನ್ನು ಕೆಳಗಿಟ್ಟ. ಫಿಂಚ್ ಯಂತ್ರಕ್ಕೆ ಆ ಕಂತಿನಲ್ಲಿ ಕಲಿಸುವುದೂ ಅದನ್ನೇ. ರಾಜ ಹೆಚ್ಚು, ಕಾಲಾಳು ಕಮ್ಮಿ ಎನ್ನುವುದು ಹಲಗೆಯ ಮೇಲಿನ ಮಾತು, ಮನುಷ್ಯರ ವಿಷಯದಲ್ಲಿ ಆಡಬಾರದ್ದು. ಆದರೂ ಮಷಿನ್ ಯಾರನ್ನು ಯಾವ ಬಾಗಿಲಿಗೆ ಕಳಿಸಬೇಕು ಎಂದು ಆರಿಸಲೇಬೇಕಿತ್ತಲ್ಲ? ಅಲ್ಲಿಂದ ಚರ್ಚೆ ತಾನೇ ನಡೆಯುತ್ತದೆ, ನೀವು ಚಹಾ ಮಾಡಲು ಏಳಬಹುದು.

ಎಲ್ಲಿಯವರೆಗೆ ನಿಜ

ಅಭಿಮಾನಿಗಳು ಇಲ್ಲಿ ಎರಡು ಥರ ಎಡವುತ್ತಾರೆ. ಕೆಲವರು ಎಲ್ಲವನ್ನೂ ಕಟ್ಟುಕತೆ ಎಂದು ತಳ್ಳುತ್ತಾರೆ, ಕೆಲವರು ಎಲ್ಲವೂ ಆಗಿಬಿಟ್ಟಿದೆ ಎಂದು ನಂಬುತ್ತಾರೆ.

ಕದ್ದು ನೋಡುವ ಭಾಗ ಕತೆಯಲ್ಲ. ಸರಣಿ ಶುರುವಾಗಿ ಎರಡು ವರ್ಷ ಆಗುವ ಮುಂಚೆಯೇ, 2013ರ ಜೂನ್‌ನಲ್ಲಿ, ಎಡ್ವರ್ಡ್ ಸ್ನೋಡೆನ್ ಅಮೆರಿಕದ ಬೇಹುಗಾರಿಕಾ ಸಂಸ್ಥೆ ಎನ್‌ಎಸ್‌ಎ ಜನರ ಫೋನ್ ವಿವರ, ಇಂಟರ್ನೆಟ್ ಮಾಹಿತಿ ಹೇಗೆ ಸಂಗ್ರಹಿಸುತ್ತದೆ ಎಂಬ ದಾಖಲೆ ಹೊರಗೆ ತಂದ. ಕತೆ ಇರುವುದು ಮುಂಚಿತವಾಗಿ ಕೊಲೆ ಹೇಳುವ ಭಾಗದಲ್ಲಿ. ಯಾಕೆ ಕಷ್ಟ ಎಂದು ಕಾಗದದ ಮೇಲೆ ತೋರಿಸಿ. 5 ಲಕ್ಷ ಜನರ ಊರು ಅಂದುಕೊಳ್ಳಿ, ಈ ವಾರ ಕೊಲೆ ಯೋಚಿಸುತ್ತಿರುವವರು 5 ಜನ. ಯಂತ್ರ ನೂರಕ್ಕೆ 99 ಸಲ ಸರಿ ಹೇಳುತ್ತದೆ. ಉಳಿದ ಒಂದು ಪರ್ಸೆಂಟ್ ತಪ್ಪಿಗೇ ಸುಮಾರು 5,000 ನಿರಪರಾಧಿಗಳ ಹೆಸರು ಪಟ್ಟಿಗೆ ಬರುತ್ತದೆ. ಆ ಐದು ಜನ ಈ ಗುಂಪಿನಲ್ಲಿ ಎಲ್ಲೋ ಇರುತ್ತಾರೆ. ಫಿಂಚ್‌ಗೆ ಒಂದು ಸಲಕ್ಕೆ ಒಂದೋ ಎರಡೋ ನಂಬರ್ ಮಾತ್ರ ಬರುವುದು ಕತೆಗಾರರ ಔದಾರ್ಯ.

ಎದುರಾಳಿ ಯಂತ್ರಗಳು? ಅವು ನಿಜವಾಗಿಯೂ ಇವೆ, ಆದರೆ ಬಂದೂಕು ಹಿಡಿದಿಲ್ಲ. 2014ರಲ್ಲಿ ಇಯಾನ್ ಗುಡ್‌ಫೆಲೋ ಎಂಬ ಸಂಶೋಧಕ ಮತ್ತು ಸಂಗಡಿಗರು ಎರಡು ನ್ಯೂರಲ್ ನೆಟ್‌ವರ್ಕ್‌ಗಳನ್ನು (ಉದಾಹರಣೆ ನೋಡಿ ಕಲಿಯುವ ಪ್ರೋಗ್ರಾಮ್‌ಗಳನ್ನು) ಎದುರುಬದುರು ಬಿಡುವ ವಿಧಾನ ಪ್ರಕಟಿಸಿದರು. ಒಂದು ನಕಲಿ ಚಿತ್ರ ಮಾಡುತ್ತದೆ, ಇನ್ನೊಂದು ಅದನ್ನು ಹಿಡಿಯುತ್ತದೆ, ಹೀಗೆ ಮಾಡುತ್ತಾ ಎರಡೂ ಪಳಗುತ್ತವೆ. 2017ರ ಡಿಸೆಂಬರ್‌ನಲ್ಲಿ ಗೂಗಲ್‌ನ ಡೀಪ್‌ಮೈಂಡ್ ಕಂಪನಿಯ ಆಲ್ಫಾಝೀರೋ ತನ್ನ ಜೊತೆ ತಾನೇ ಚೆಸ್ ಆಡಿ ಕಲಿತು, ಸ್ಟಾಕ್‌ಫಿಶ್ ಎಂಬ ಪ್ರೋಗ್ರಾಮ್ ವಿರುದ್ಧ 100 ಆಟದಲ್ಲಿ 28 ಗೆದ್ದು 72 ಡ್ರಾ ಮಾಡಿತು. ಇಲ್ಲಿ ಎದುರಾಳಿ ಎಂದರೆ ಗುರುವೂ ಹೌದು. ಮಷಿನ್ ಸಮಾರಿಟನ್‌ನಿಂದ ಏನಾದರೂ ಕಲಿತಿತೇ ಎಂದು ಐದನೇ ಸೀಸನ್ ನೋಡುವಾಗ ಕೇಳಿಕೊಳ್ಳಿ.

ಊರಲ್ಲೊಂದು ಸುತ್ತು

ನಾಲ್ಕನೇ ಸೀಸನ್ನಿನಲ್ಲಿ ನಮ್ಮವರ ಹತ್ತಿರ ಒಂದು ನಕ್ಷೆ ಇರುತ್ತದೆ, ನ್ಯೂಯಾರ್ಕ್‌ನ ಕ್ಯಾಮೆರಾಗಳಿಗೆ ಕಾಣದ ಜಾಗಗಳದು. ಅಂಥದ್ದೊಂದನ್ನು ನೀವೂ ಬರೆಯಿರಿ. ಭಾನುವಾರ ಬೆಳಿಗ್ಗೆ ಜಯದೇವ ವೃತ್ತದಿಂದ ರಾಮ್ ಅಂಡ್ ಕೋ ವೃತ್ತದವರೆಗೆ ನಡೆಯಿರಿ. ಒಬ್ಬರು ಎಡಗಡೆ, ಒಬ್ಬರು ಬಲಗಡೆ. ಅಂಗಡಿಯ ಕ್ಯಾಮೆರಾ, ಎಟಿಎಂನದು, ಸಿಗ್ನಲ್ ಕಂಬದ್ದು ಎಂದು ಬೇರೆಬೇರೆ ಗುರುತು ಹಾಕಿ. ಫೋಟೋ ತೆಗೆಯಬೇಡಿ, ಕಣ್ಣಲ್ಲೇ ಎಣಿಸಿ. ಬ್ಯಾಂಕಿನ ಮುಂದೆ ನಿಂತು ಕ್ಯಾಮೆರಾದ ಫೋಟೋ ತೆಗೆದರೆ ಸೆಕ್ಯೂರಿಟಿಯವರು ಸುಮ್ನೆ ಬಿಡುವುದಿಲ್ಲ.

ಪರಿಚಯದ ಅಂಗಡಿಯವರಿದ್ದರೆ ಕೇಳಿ: "ಅಣ್ಣ, ಇದರ ರೆಕಾರ್ಡಿಂಗ್ ಎಷ್ಟು ದಿನ ಇರುತ್ತೆ? ಯಾರ್ಯಾರು ನೋಡ್ತಾರೆ?" ಹಾರ್ಡ್‌ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಬರುತ್ತದೆ ಎಂಬುದು ಸಾಮಾನ್ಯ ಉತ್ತರ. ಅಂದರೆ ಇಂಥ ಅಂಗಡಿ ಕ್ಯಾಮೆರಾ ನೂರಿದ್ದರೂ ಒಂದಕ್ಕೊಂದು ಸಂಬಂಧ ಇಲ್ಲ. ಸಮಾರಿಟನ್ ಆಗಬೇಕಾದರೆ ಅವನ್ನೆಲ್ಲಾ ಒಂದೇ ಕಡೆ ಜೋಡಿಸಬೇಕು. ಆ ಜೋಡಿಸುವ ಕೆಲಸದ ಮೇಲೆ ಕಣ್ಣಿಡಿ, ಒಂಟಿ ಕ್ಯಾಮೆರಾದ ಮೇಲಲ್ಲ. 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ದಾವಣಗೆರೆಯೂ ಬಂತು, ಸರಣಿ ಮುಗಿದ ವರ್ಷವೇ.

ಈ ಹಂತದಲ್ಲಿ ಯಾರಾದರೊಬ್ಬರು "ನಮ್ಮಲ್ಲಾದ್ರೆ ಆಧಾರ್ ನಂಬರ್ ಬರ್ತಿತ್ತು" ಎನ್ನುತ್ತಾರೆ. ಬಿಡಬೇಡಿ, ಒಳ್ಳೆಯ ಎಳೆ. ಆಧಾರ್ 12 ಅಂಕಿ. ಅದನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಕೆ.ಎಸ್. ಪುಟ್ಟಸ್ವಾಮಿ, ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. 'ಬೇಡ' ಎನ್ನುವ ಅಧಿಕಾರ ಯಾರಿಗಿದೆ ಎಂಬ ಮೂರನೇ ಪ್ರಶ್ನೆಗೆ ನಮ್ಮ ದೇಶದ ಒಂದು ಉತ್ತರ ಇದು. ಸರಣಿಯಲ್ಲಿ ಕೋರ್ಟು ಯಾಕೆ ಲೆಕ್ಕಕ್ಕೇ ಬರುವುದಿಲ್ಲ ಎಂದು ಕೇಳಿ ನೋಡಿ.

ಐದನೇ ಸೀಸನ್

ಹದಿಮೂರು ಕಂತನ್ನು ನಾಲ್ಕು ವಾರಕ್ಕೆ ಹಂಚಿ. ಕೊನೆಯ ಕಂತನ್ನು ಒಂಟಿಯಾಗಿ ಇಡಿ, ಅವತ್ತು ಬೇರೇನೂ ಹಾಕಬೇಡಿ. ಮೊದಲೇ ನೋಡಿ ಮುಗಿಸಿದವರು ಬಾಗಿಲ ಹತ್ತಿರ ಕೂರಲಿ, ಮುಖ ನೋಡಿಯೇ ಮಿಕ್ಕವರು ಕತೆ ಊಹಿಸಿಬಿಡುತ್ತಾರೆ. ಮುಗಿದ ತಕ್ಷಣ ಚರ್ಚೆ ಶುರು ಮಾಡಬೇಡಿ, ಅತ್ತವರಿಗೆ ಮುಖ ತೊಳೆಯಲು ಸಮಯ ಕೊಡಿ. ಚೌಕದ ಹಾಳೆಗಳು, ಎರಡೆರಡು ಚೀಟಿಗಳು, ಕ್ಯಾಮೆರಾ ನಕ್ಷೆ ಎಲ್ಲವನ್ನೂ ಮುಂದಿನ ವಾರ ಒಟ್ಟಿಗೆ ತನ್ನಿ. ಆ ವಾರಕ್ಕೆ ಟಿವಿ ಬೇಡ, ದೋಸೆ ತಿನ್ನಲು ಹೊರಗೆ ಹೋಗಿ.